ಅನ್ನದ ಮುಂದೆ ಒಂದು ಗಳಿಗೆ

ಶರನ್ನವರಾತ್ರಿಯ ಪುಣ್ಯಕಾಲದಲ್ಲಿ ಜಗನ್ಮಾತೆಯನ್ನು ನಾನಾ ರೂಪಗಳಲ್ಲಿ ಆರಾಧಿಸುವುದು ಭಾರತೀಯರ ಪರಂಪರೆ. ಮಹಿಷಾಸುರನನ್ನು ಮರ್ದಿಸಿದ ದುರ್ಗೆಯ ಕೈಗಳಲ್ಲಿ ಶೂಲ, ಖಡ್ಗ, ಚಕ್ರಾದಿ ಆಯುಧಗಳಿವೆ. ಆ ಉಗ್ರರೂಪದ ಮುಂದೆ ಭಕ್ತನು ಕೈಮುಗಿದು ಅಭಯವನ್ನು ಬೇಡುತ್ತಾನೆ. ಆದರೆ ಅದೇ ತಾಯಿಗೆ ಇನ್ನೊಂದು ರೂಪವುಂಟು. ಅಲ್ಲಿ ಆಕೆಯ ಕೈಯಲ್ಲಿರುವುದು ಖಡ್ಗವಲ್ಲ, ಸಟ್ಟುಗ. ಎದುರಿಗೆ ನಿಂತಿರುವವನು ಅಸುರನಲ್ಲ, ಭಿಕ್ಷಾಪಾತ್ರೆಯನ್ನು ಹಿಡಿದ ಸಾಕ್ಷಾತ್ ಪರಮೇಶ್ವರ. ಕಾಶಿಯ ಅನ್ನಪೂರ್ಣೆಯ ಚಿತ್ರವನ್ನು ಕಂಡವರಿಗೆಲ್ಲ ಇದು ಪರಿಚಿತ. ತ್ರಿಲೋಕಾಧಿಪತಿಯೂ ಅನ್ನದ ಮುಂದೆ ನಿಂತು ಕಾಯುತ್ತಾನೆ ಎಂಬುದೇ ಆ ಚಿತ್ರದ ಉಪದೇಶ. ಹೀಗಿರುವಾಗ ಅಲ್ಪನಾದ ಮಾನವನು ಮಾತ್ರ ಅನ್ನವನ್ನೇ ತನಗಾಗಿ ಕಾಯಿಸಿ, ಬಂದ ಒಡನೆ ನುಂಗಿ, ಮುಖವನ್ನೂ ನೋಡದೆ ಎದ್ದು ಹೋಗುತ್ತಾನೆ. ಇದು ಇಂದಿನ ಜೀವನದ ದೊಡ್ಡ ವೈಚಿತ್ರ್ಯ.

ಮುಂಬಯಿಯ ಸಾಂತಾಕ್ರೂಜ್ ಉಪನಗರದ ಒಂದು ಬೆಳಗನ್ನು ನೋಡಿದರೆ ಈ ಮಾತು ಮನದಟ್ಟಾಗುತ್ತದೆ. ಪಶ್ಚಿಮ ರೈಲ್ವೆಯ ಹಳಿಯ ಮೇಲೆ ಖಾರ್ ರೋಡಿಗೂ ವಿಲೇಪಾರ್ಲೆಗೂ ನಡುವೆ ಈ ನಿಲ್ದಾಣವಿದೆ. ಅಂಧೇರಿಯಲ್ಲಿ ನಿಂತ ವೇಗದ ಗಾಡಿಗಳು ಮುಂದೆ ಬಾಂದ್ರಾದಲ್ಲಿಯೇ ನಿಲ್ಲುವುದರಿಂದ ಇಲ್ಲಿನವರಿಗೆ ಹೆಚ್ಚಾಗಿ ಒದಗುವುದು ಸ್ಲೋ ಲೋಕಲ್. ವಿನೋದವೆಂದರೆ, ಈ ನಿಧಾನದ ಗಾಡಿಯನ್ನು ಹಿಡಿಯುವುದಕ್ಕಾಗಿಯೇ ಮನೆಮನೆಗಳಲ್ಲಿ ಅವಸರದ ಊಟ ನಡೆಯುತ್ತದೆ. ಒಬ್ಬನು ನಿಂತುಕೊಂಡೇ ದೋಸೆಯನ್ನು ಮಡಚಿ ಬಾಯಿಗೆ ಹಾಕಿಕೊಳ್ಳುತ್ತಾನೆ. ಇನ್ನೊಬ್ಬನು ಒಂದು ಕೈಯಲ್ಲಿ ಬೂಟಿನ ಲೇಸು, ಇನ್ನೊಂದು ಕೈಯಲ್ಲಿ ಚಹಾದ ಲೋಟ ಹಿಡಿದಿರುತ್ತಾನೆ. ಮಧ್ಯಾಹ್ನ ಕಚೇರಿಯಲ್ಲಿ ಡಬ್ಬಿ ತೆರೆಯುತ್ತದೆ. ಸುಮಾರು 1890ರಲ್ಲಿ ಆರಂಭವಾದ ಡಬ್ಬಾವಾಲರ ವ್ಯವಸ್ಥೆಯಲ್ಲಿ ಒಂದು ಡಬ್ಬಿ ಮನೆಯಿಂದ ಕಚೇರಿಗೆ ಬರುವಷ್ಟರಲ್ಲಿ ಹಲವು ಕೈಗಳನ್ನು ದಾಟಿ, ಸೈಕಲ್ಲು, ರೈಲು, ತಲೆಹೊರೆ ಎಲ್ಲವನ್ನೂ ಕಂಡಿರುತ್ತದೆ. ಅಷ್ಟು ಜನರ ಶ್ರಮದಿಂದ ಬಂದ ಅನ್ನ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಸಂಜೆ ಮನೆಗೆ ಹಿಂದಿರುಗಿದಾಗ ಗೃಹಿಣಿ ಪಲ್ಯ ಹೇಗಿತ್ತೆಂದು ಕೇಳಿದರೆ, ಯಾವ ಪಲ್ಯವಿತ್ತೆಂಬುದೇ ಉಂಡವನಿಗೆ ನೆನಪಿರುವುದಿಲ್ಲ.

ಈ ಅವಸರವನ್ನು ಕೇವಲ ದೋಷವೆಂದು ನಿಂದಿಸುವುದು ನ್ಯಾಯವಲ್ಲ. ಇದರ ಹಿಂದೆ ಒಂದು ತಲೆಮಾರಿನ ಬೆವರಿದೆ. ಉಡುಪಿ, ಕುಂದಾಪುರ, ಮಂಗಳೂರುಗಳ ಕಡೆಯಿಂದ ಎಳೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದ ಹುಡುಗರು ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಮುಂದೆ ಗುಮಾಸ್ತರೂ ಅಧಿಕಾರಿಗಳೂ ಹೋಟೆಲಿನ ಮಾಲಿಕರೂ ಆದ ಇತಿಹಾಸ ಈ ನಗರದ ಕನ್ನಡಿಗರ ಹೆಮ್ಮೆ. ಊರಿಗೆಲ್ಲ ಬಡಿಸಿದ ಆ ಹುಡುಗರು ತಾವು ಉಣ್ಣುತ್ತಿದ್ದುದು ಗಿರಾಕಿಗಳ ಸಂದಣಿ ಕರಗಿದ ಮೇಲೆ. ಅಡುಗೆಮನೆಯ ಮೂಲೆಯಲ್ಲಿ, ಮುಂದಿನ ಕರೆ ಬರುವುದರೊಳಗೆ. ಬೇಗ ಉಣ್ಣುವುದು ಅವರಿಗೆ ಚಟವಾಗಿರಲಿಲ್ಲ, ಬದುಕುವ ಉಪಾಯವಾಗಿತ್ತು. ಆದರೆ ಕಷ್ಟಕಾಲದ ಉಪಾಯವು ಸುಖಕಾಲಕ್ಕೂ ಉಳಿದುಕೊಂಡರೆ ಅದು ಸಂಸ್ಕಾರವಾಗಿ ಬಿಡುತ್ತದೆ. ತಂದೆಗೆ ಅನಿವಾರ್ಯವಾಗಿದ್ದುದು ಮಗನಿಗೆ ಅಭ್ಯಾಸವಾಗುತ್ತದೆ, ಮೊಮ್ಮಗನಿಗೆ ಸ್ವಭಾವವೇ ಆಗುತ್ತದೆ.

ದೃಷ್ಟಾಂತಕ್ಕಾಗಿ ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ ಎರಡು ಕೋಣೆಗಳ ಮನೆ. ಗೃಹಸ್ಥನಿಗೆ ಫೋರ್ಟಿನಲ್ಲಿ ಉದ್ಯೋಗ. ಊರಿನಲ್ಲಿ ತಾಯಿ ತೀರಿಕೊಂಡ ಮೇಲೆ ಕುಂದಾಪುರದ ಕಡೆಯ ಹಳ್ಳಿಯಿಂದ ವೃದ್ಧ ತಂದೆ ಮಗನ ಮನೆಗೆ ಬಂದಿದ್ದಾರೆ. ಬೇಸಾಯ ಮಾಡಿ ಬದುಕಿದ ಜೀವ. ಅವರಿಗೆ ಮಂತ್ರ ಬಾರದು, ಶಾಸ್ತ್ರ ತಿಳಿಯದು. ಆದರೆ ಬಟ್ಟಲ ಮುಂದೆ ಕುಳಿತರೆ ಮೊದಲು ಎರಡೂ ಕೈ ಜೋಡಿಸಿ ಒಂದು ಕ್ಷಣ ಕಣ್ಣು ಮುಚ್ಚುತ್ತಾರೆ. ಮೊದಲ ತುತ್ತನ್ನು ಕಣ್ಣಿಗೊತ್ತಿಕೊಂಡು ಬಾಯಿಗಿಡುತ್ತಾರೆ. ಅನಂತರ ಮಾತಿಲ್ಲ. ಗದ್ದೆಯ ಕೆಲಸದಂತೆಯೇ ಅವರ ಊಟವೂ. ಒಂದು ಸಾಲು ಮುಗಿಯದೆ ಇನ್ನೊಂದಕ್ಕೆ ಕೈಹಾಕುವುದಿಲ್ಲ. ಹಲ್ಲುಗಳೂ ಕೆಲವು ಬಿದ್ದಿರುವುದರಿಂದ ಊಟ ಮುಗಿಯಲು ಮುಕ್ಕಾಲು ಗಂಟೆ ಬೇಕು.

ಬಂದ ಹೊಸತರಲ್ಲಿ ಯಾರೂ ಏನೂ ಅನ್ನಲಿಲ್ಲ. ಆದರೆ ಮನೆಯ ಗಡಿಯಾರಕ್ಕೆ ಈ ಊಟ ಹೊಂದಲಿಲ್ಲ. “ಅಪ್ಪಯ್ಯ, ಸ್ವಲ್ಪ ಬೇಗ ಮುಗಿಸಿ, ಪಾತ್ರೆ ತಿಕ್ಕುವ ಬಾಯಿ ಕಾಯುತ್ತಿದ್ದಾಳೆ” ಎಂದು ಮಗ ಒಂದು ದಿನ ಹೇಳಿದ. ಇನ್ನೊಂದು ದಿನ, “ಅಪ್ಪಯ್ಯ, ಇನ್ನೂ ಆಗಲಿಲ್ಲವೇ?” ಎಂದ. ಮಾತಿನಲ್ಲಿ ದ್ವೇಷವಿರಲಿಲ್ಲ, ಅವಸರವಷ್ಟೇ ಇತ್ತು. ಅಂದಿನಿಂದ ತಂದೆಯ ಊಟ ಬೇಗ ಮುಗಿಯತೊಡಗಿತು. ಎಲ್ಲರೊಂದಿಗೆ ಕುಳಿತು ಎಲ್ಲರೊಂದಿಗೇ ಏಳತೊಡಗಿದರು. ಮುಂಬಯಿಯ ಗಾಳಿ ಹಿಡಿಯಿತೆಂದು ಮನೆಯವರು ಸಂತೋಷಪಟ್ಟರು. ಸೊಸೆ ಎರಡನೆಯ ಸಲ ಅನ್ನ ಬಡಿಸಲು ಹೋದರೆ, “ಸಾಕು ಮಗಳೇ, ಹಸಿವೆಯಿಲ್ಲ” ಎನ್ನುತ್ತಿದ್ದರು. ಈ ಮನೆಯ ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ಇದರ ಅರ್ಥವನ್ನು ತಿಳಿಯಲು ಉಪನಿಷತ್ತುಗಳ ಕಡೆಗೆ ತಿರುಗಬೇಕು.

ಅನ್ನದ ಮಹಿಮೆಯನ್ನು ವಿಶೇಷವಾಗಿ ಸಾರಿದ ಎರಡು ಉಪನಿಷತ್ ಪ್ರಸಂಗಗಳೂ ತಂದೆ ಮಕ್ಕಳ ಸಂವಾದಗಳೇ ಆಗಿರುವುದು ಗಮನಾರ್ಹ. ತೈತ್ತಿರೀಯದ ಭೃಗುವಲ್ಲಿಯಲ್ಲಿ ಭೃಗುವು ತಂದೆಯಾದ ವರುಣನಲ್ಲಿಗೆ ಹೋಗಿ ಬ್ರಹ್ಮವನ್ನು ತಿಳಿಸಬೇಕೆಂದು ಪ್ರಾರ್ಥಿಸುತ್ತಾನೆ. ತಂದೆಯು ಉತ್ತರವನ್ನು ಕೈಗಿಡದೆ, ತಪಸ್ಸಿನಿಂದ ತಿಳಿಯೆಂದು ಕಳುಹಿಸುತ್ತಾನೆ. ತಪಸ್ಸು ಮಾಡಿದ ಭೃಗುವಿಗೆ ಮೊಟ್ಟಮೊದಲು ತಿಳಿದದ್ದು, ಅನ್ನವೇ ಬ್ರಹ್ಮವೆಂದು. ಅಲ್ಲಿಂದ ಪ್ರಾಣ, ಮನಸ್ಸು, ವಿಜ್ಞಾನ, ಕೊನೆಗೆ ಆನಂದದವರೆಗೆ ಅವನು ಏರುತ್ತಾನೆ. ಆನಂದವನ್ನು ಮುಟ್ಟಿದ ಮೇಲೆ ಅನ್ನವನ್ನು ಕೀಳೆಂದು ಬಿಟ್ಟುಬಿಡಬಹುದಾಗಿತ್ತು. ಉಪನಿಷತ್ತು ಹಾಗೆ ಮಾಡುವುದಿಲ್ಲ. ಪುನಃ ಅನ್ನಕ್ಕೇ ಹಿಂದಿರುಗಿ ವ್ರತಗಳನ್ನು ವಿಧಿಸುತ್ತದೆ: ಅನ್ನವನ್ನು ನಿಂದಿಸಬಾರದು, ಅನ್ನವನ್ನು ತಳ್ಳಬಾರದು, ಅನ್ನವನ್ನು ಹೆಚ್ಚಿಸಬೇಕು, ಆಶ್ರಯ ಬೇಡಿ ಬಂದವರನ್ನು ಹಿಂದೆ ಕಳುಹಿಸಬಾರದು. ಮೇಲಿನ ಮೆಟ್ಟಲಿಗೆ ಏರಿದವನೂ ಮೊದಲಿನ ಮೆಟ್ಟಲಿಗೆ ನಮಸ್ಕರಿಸಬೇಕೆಂಬುದು ಇದರ ತಾತ್ಪರ್ಯ. ಅನ್ನವನ್ನು ಬಾಯಿಂದ ಬೈಯುವುದೊಂದೇ ನಿಂದೆಯಲ್ಲ. ಅದರ ಕಡೆಗೆ ಲಕ್ಷ್ಯವಿಲ್ಲದೆ ನುಂಗುವುದೂ ಒಂದು ಬಗೆಯ ನಿಂದೆಯೇ ಸರಿ.

ಇನ್ನೊಂದು ಪ್ರಸಂಗ ಛಾಂದೋಗ್ಯದ್ದು. ಹನ್ನೆರಡು ವರ್ಷ ಗುರುಕುಲದಲ್ಲಿ ಓದಿ ಗರ್ವದಿಂದ ಹಿಂದಿರುಗಿದ ಶ್ವೇತಕೇತುವಿಗೆ ತಂದೆ ಉದ್ದಾಲಕ ಆರುಣಿಯು ಪಾಠ ಹೇಳುತ್ತಾನೆ. ಉಂಡ ಅನ್ನದ ಸ್ಥೂಲಭಾಗವು ಮಲವಾಗುತ್ತದೆ, ಮಧ್ಯಮಭಾಗವು ಮಾಂಸವಾಗುತ್ತದೆ, ಅತಿಸೂಕ್ಷ್ಮಭಾಗವು ಮನಸ್ಸಾಗುತ್ತದೆ ಎಂದು ತಿಳಿಸುತ್ತಾನೆ. ಮಾತಿನಿಂದ ಮಗನಿಗೆ ನಂಬಿಕೆ ಬಾರದೆಂದು ಹದಿನೈದು ದಿನ ಉಣ್ಣದೆ, ಕೇವಲ ನೀರು ಕುಡಿದಿರಲು ಹೇಳುತ್ತಾನೆ. ಹದಿನಾರನೆಯ ದಿನ ವೇದವನ್ನು ಹೇಳೆಂದರೆ ಶ್ವೇತಕೇತುವಿಗೆ ಒಂದು ಮಂತ್ರವೂ ಹೊಳೆಯುವುದಿಲ್ಲ. ಉಂಡು ಬಂದ ಮೇಲೆ ಎಲ್ಲವೂ ನೆನಪಾಗುತ್ತದೆ. ಆರಿಹೋದ ದೊಡ್ಡ ಬೆಂಕಿಯಲ್ಲಿ ಮಿಂಚುಹುಳದಷ್ಟು ಕೆಂಡವೊಂದು ಉಳಿದಿದ್ದರೆ, ಅದಕ್ಕೆ ಹುಲ್ಲು ಹಾಕಿ ಊದಿದಾಗ ಅದು ಮತ್ತೆ ಹೊತ್ತಿಕೊಳ್ಳುವಂತೆ ಎಂದು ತಂದೆ ವಿವರಿಸುತ್ತಾನೆ. ಮನಸ್ಸು ಅನ್ನದಿಂದ ಆಗುತ್ತದೆಂಬುದು ನಿಜವಾದರೆ, ಬಟ್ಟಲಿನ ಮುಂದೆ ಕುಳಿತವನು ಹೊಟ್ಟೆಯನ್ನಷ್ಟೇ ತುಂಬಿಕೊಳ್ಳುತ್ತಿಲ್ಲ. ನಾಳೆಯ ತನ್ನ ಯೋಚನೆ, ಕೋಪ, ಶಾಂತಿ ಇವುಗಳನ್ನೇ ಕಟ್ಟಿಕೊಳ್ಳುತ್ತಿದ್ದಾನೆ. ಮನೆ ಕಟ್ಟುವವನು ಇಟ್ಟಿಗೆಯನ್ನು ಎಸೆದು ಓಡುವುದಿಲ್ಲ, ಇಟ್ಟು ನೋಡುತ್ತಾನೆ.

ಊಟದ ಕ್ರಮವನ್ನು ಆಯುರ್ವೇದವು ಇನ್ನೂ ಸ್ಪಷ್ಟವಾಗಿ ಹೇಳಿದೆ. ಚರಕಸಂಹಿತೆಯ ವಿಮಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಆಹಾರವಿಧಿ ಬರುತ್ತದೆ. ಬಿಸಿಯಾದುದನ್ನು, ಮಿತವಾಗಿ, ಹಿಂದಿನದು ಜೀರ್ಣವಾದ ಮೇಲೆ, ಮನಸ್ಸಿಗೊಪ್ಪುವ ಸ್ಥಳದಲ್ಲಿ ಉಣ್ಣಬೇಕು. ಅತಿ ಶೀಘ್ರವೂ ಬೇಡ, ಅತಿ ವಿಳಂಬವೂ ಬೇಡ. ಹರಟೆ ಹೊಡೆಯದೆ, ನಗೆಯಾಡದೆ, ಅದರಲ್ಲಿಯೇ ಮನಸ್ಸಿಟ್ಟು ಉಣ್ಣಬೇಕು ಎಂಬುದು ಅದರ ಸಾರ. ಅಷ್ಟಾಂಗಹೃದಯದಲ್ಲಿ ವಾಗ್ಭಟನು ಜಠರವನ್ನು ನಾಲ್ಕು ಪಾಲು ಮಾಡಿ, ಎರಡನ್ನು ಅನ್ನಕ್ಕೆ, ಒಂದನ್ನು ನೀರಿಗೆ, ಒಂದನ್ನು ವಾಯುವಿನ ಸಂಚಾರಕ್ಕೆ ಬಿಡಬೇಕೆನ್ನುತ್ತಾನೆ. ಆಧುನಿಕ ವೈದ್ಯಶಾಸ್ತ್ರವು ಹೇಳುವುದೂ ಇದಕ್ಕೆ ದೂರವಲ್ಲ. ಅನ್ನ, ರೊಟ್ಟಿಗಳಲ್ಲಿರುವ ಪಿಷ್ಟದ ಪಚನವು ಬಾಯಿಯ ಲಾಲಾರಸದಿಂದಲೇ ಆರಂಭವಾಗುತ್ತದೆ. ಅಗಿಯದೆ ನುಂಗಿದವನು ಆ ಮೊದಲ ಕೆಲಸವನ್ನು ಹೊಟ್ಟೆಯ ಮೇಲೆ ಹೊರಿಸುತ್ತಾನೆ. ಹೊಟ್ಟೆ ತುಂಬಿತೆಂಬ ಸಮಾಚಾರವು ಮೆದುಳಿಗೆ ಚೆನ್ನಾಗಿ ತಲಪಲು ಸುಮಾರು ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಹತ್ತೇ ನಿಮಿಷದಲ್ಲಿ ಉಂಡು ಏಳುವವನಿಗೆ ಆ ಸಮಾಚಾರ ತಲಪುವಷ್ಟರಲ್ಲಿ ಅತಿಯಾಗಿ ಉಂಡಾಗಿರುತ್ತದೆ. ಭಗವದ್ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು, ತಾನೇ ವೈಶ್ವಾನರಾಗ್ನಿಯಾಗಿ ಪ್ರಾಣಿಗಳ ದೇಹದಲ್ಲಿದ್ದು ನಾಲ್ಕು ವಿಧದ ಅನ್ನವನ್ನು ಪಚನ ಮಾಡುತ್ತೇನೆಂದು ಹೇಳಿದ್ದಾನೆ. ದೇವರು ಅಡುಗೆಯ ಒಲೆಯಾಗಿ ಒಳಗೆ ಕುಳಿತಿರುವಾಗ ಆ ಒಲೆಗೆ ಹಸಿಸೌದೆಯನ್ನು ತುರುಕುವುದು ಭಕ್ತಿಯ ಲಕ್ಷಣವಲ್ಲ.

ಇನ್ನು ಇಂದಿನ ಕಾಲಕ್ಕೆ ವಿಶೇಷವಾಗಿ ಒಪ್ಪುವ ಮಾತೊಂದು ಛಾಂದೋಗ್ಯದ ಏಳನೆಯ ಅಧ್ಯಾಯದಲ್ಲಿದೆ. ಆಹಾರವು ಶುದ್ಧವಾದರೆ ಅಂತಃಕರಣ ಶುದ್ಧವಾಗುತ್ತದೆ, ಅದರಿಂದ ಸ್ಥಿರವಾದ ಸ್ಮೃತಿ ಉಂಟಾಗುತ್ತದೆ ಎಂದು ಸನತ್ಕುಮಾರನು ನಾರದನಿಗೆ ಬೋಧಿಸುತ್ತಾನೆ. ಇಲ್ಲಿ ಆಹಾರವೆಂದರೇನು? ಶ್ರೀ ರಾಮಾನುಜರು ಉಣ್ಣುವ ಆಹಾರವೆಂದೇ ಅರ್ಥ ಹೇಳಿದರೆ, ಶ್ರೀ ಶಂಕರರು ಇಂದ್ರಿಯಗಳ ಮೂಲಕ ಒಳಗೆ ಬರುವುದೆಲ್ಲವೂ ಆಹಾರವೆಂದು ವ್ಯಾಖ್ಯಾನಿಸಿದರು. ಎರಡನ್ನೂ ಒಟ್ಟಿಗೆ ಹಿಡಿದು ಇಂದಿನ ಊಟದ ಮೇಜನ್ನು ನೋಡಬೇಕು. ಮಗುವಿನ ಎದುರಿಗೆ ಮೊಬೈಲಿನ ಚಿತ್ರ ಓಡುತ್ತದೆ. ತಂದೆಯ ಎದುರಿಗೆ ದೂರದರ್ಶನದ ವಾರ್ತೆಯಲ್ಲಿ ಯುದ್ಧ, ಅಪಘಾತ, ಜಗಳ. ಬಾಯಿಯಿಂದ ಸಾರು ಅನ್ನ ಒಳಗೆ ಹೋಗುತ್ತದೆ, ಕಣ್ಣುಕಿವಿಗಳಿಂದ ಕೊಲೆ ಸುಲಿಗೆ ಒಳಗೆ ಹೋಗುತ್ತದೆ. ಒಂದೇ ಹೊತ್ತಿನಲ್ಲಿ ಎರಡು ಊಟ! ಅಕ್ಕಿಯಲ್ಲಿ ಕಲ್ಲು ಸಿಕ್ಕಿದರೆ ಸಿಟ್ಟಾಗುವವನು, ಕಣ್ಣಿನ ಮೂಲಕ ಬಂದ ಬಂಡೆಯನ್ನು ಲಕ್ಷಿಸುವುದಿಲ್ಲ. ತಾಯಿ ಮಾಡಿದ ಅಡುಗೆಯ ರುಚಿಯನ್ನು ಅರಿಯದೆ ಬೆಳೆದ ಮಗು ಮುಂದೆ ಆ ತಾಯಿಯನ್ನು ನೆನೆಯುವುದಾದರೂ ಯಾವುದರಿಂದ?

ಆದುದರಿಂದಲೇ ಹಿರಿಯರು ಊಟದ ಬಾಗಿಲಲ್ಲಿ ಒಂದು ಹೊಸ್ತಿಲನ್ನು ಇಟ್ಟರು. ಸಂಪ್ರದಾಯಸ್ಥರು ಎಲೆಯ ಸುತ್ತ ನೀರು ತಿರುಗಿಸಿ, ಚಿತ್ರಾಹುತಿಯನ್ನಿಟ್ಟು, ಆಪೋಶನ ತೆಗೆದುಕೊಂಡು, ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನಗಳೆಂಬ ಪಂಚಪ್ರಾಣಗಳಿಗೆ ಐದು ಆಹುತಿಗಳನ್ನು ಕೊಡುತ್ತಾರೆ. ಪಂಕ್ತಿಯ ನಡುವೆ ಗೋವಿಂದನಾಮವನ್ನು ಕೂಗುತ್ತಾರೆ. ಲಿಂಗವಂತರು ಇಷ್ಟಲಿಂಗಕ್ಕೆ ಅರ್ಪಿಸಿ ಪ್ರಸಾದವೆಂದು ಸ್ವೀಕರಿಸುತ್ತಾರೆ. ಮಹಾರಾಷ್ಟ್ರದ ಮನೆಗಳಲ್ಲಿ ಮಕ್ಕಳು, ತುತ್ತನ್ನೆತ್ತುವಾಗ ಶ್ರೀಹರಿಯ ಹೆಸರನ್ನು ನೆನೆಯಬೇಕು, ಊಟವು ಹೊಟ್ಟೆ ತುಂಬುವ ಕೆಲಸವಲ್ಲ, ಯಜ್ಞವೆಂದು ತಿಳಿಯಬೇಕು ಎಂಬ ಅರ್ಥದ ಶ್ಲೋಕವನ್ನು ಹೇಳಿಯೇ ಉಣ್ಣುತ್ತಾರೆ. ಸಾಂತಾಕ್ರೂಜ್ ಎಂಬ ಹೆಸರಿಗೆ ಪೋರ್ತುಗೀಸ್ ಭಾಷೆಯಲ್ಲಿ ಪವಿತ್ರ ಶಿಲುಬೆಯೆಂದರ್ಥ. ಇಲ್ಲಿಯ ಕ್ರೈಸ್ತ ಮನೆಗಳಲ್ಲಿ ಊಟಕ್ಕೆ ಮೊದಲು ದೇವರಿಗೆ ಕೃತಜ್ಞತೆಯನ್ನು ಹೇಳುವ ಪದ್ಧತಿಯಿದೆ. ಮುಸಲ್ಮಾನರು ದೇವರ ಹೆಸರನ್ನು ಹೇಳಿ ಮೊದಲ ತುತ್ತನ್ನು ತೆಗೆದುಕೊಳ್ಳುತ್ತಾರೆ. ಮತಗಳು ಬೇರೆ, ಭಾಷೆಗಳು ಬೇರೆ. ಆದರೆ ಹಸಿದವನ ಕೈಯನ್ನು ಒಂದು ಗಳಿಗೆ ತಡೆದು ನಿಲ್ಲಿಸುವ ಉಪಾಯ ಮಾತ್ರ ಒಂದೇ. ಪ್ರಾಣಿಯೂ ಉಣ್ಣುತ್ತದೆ, ಮನುಷ್ಯನೂ ಉಣ್ಣುತ್ತಾನೆ. ನಡುವಣ ಭೇದವೆಲ್ಲ ಆ ಒಂದು ಗಳಿಗೆಯಲ್ಲಿದೆ.

ಉಡುಪಿಯ ಶ್ರೀಕೃಷ್ಣಮಠದ ಪದ್ಧತಿಯನ್ನು ನೋಡಿದರೆ ಅನ್ನಕ್ಕೆ ಹಿರಿಯರು ಎಷ್ಟು ಕಾಲವನ್ನು ಕೊಟ್ಟರೆಂಬುದು ತಿಳಿಯುತ್ತದೆ. ಶ್ರೀ ವಾದಿರಾಜರು ಹದಿನಾರನೆಯ ಶತಮಾನದಲ್ಲಿ ವ್ಯವಸ್ಥೆಗೊಳಿಸಿದ ಎರಡು ವರ್ಷಗಳ ಪರ್ಯಾಯದಲ್ಲಿ ಒಂದು ಮಠದಿಂದ ಇನ್ನೊಂದು ಮಠಕ್ಕೆ ಅಧಿಕಾರ ಹಸ್ತಾಂತರವಾಗುವಾಗ ಕೊಡುವುದು ರಾಜದಂಡವನ್ನಲ್ಲ, ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ. ಬಡಿಸುವ ಹೊಣೆಯೇ ಅಲ್ಲಿ ಅಧಿಕಾರ. ಆ ಹೊಣೆಗೆ ಸಿದ್ಧತೆಯು ಒಂದು ವರ್ಷಕ್ಕಿಂತಲೂ ಮೊದಲೇ ಬಾಳೆ ಮುಹೂರ್ತದಿಂದ ಆರಂಭವಾಗುತ್ತದೆ. ಅನಂತರ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಉಣ್ಣುವ ಎಲೆಗಾಗಿ ಬಾಳೆಯ ಗಿಡವನ್ನು ನೆಟ್ಟು, ಅದು ಬೆಳೆಯುವವರೆಗೆ ಕಾಯುವ ಸಂಸ್ಕೃತಿಯಿದು. ಮುಂಬಯಿಗೂ ಅದರ ಒಂದು ಎಳೆ ಬಂದಿದೆ. ಮಾಟುಂಗದಲ್ಲಿ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಬಾಳೆಯೆಲೆಯ ಊಟಕ್ಕೆ ಪ್ರಸಿದ್ಧವಾಯಿತು. ಸಾಂತಾಕ್ರೂಜ್ ಪೂರ್ವದ ಪ್ರಭಾತ್ ಕಾಲೊನಿಯಲ್ಲಿ ಪೇಜಾವರ ಮಠದ ಮಧ್ವಭವನವಿದೆ. ಮಠದ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತವನಿಗೆ ಕಾಯದೆ ಗತ್ಯಂತರವಿಲ್ಲ. ಉಪ್ಪಿನಿಂದ ಹಿಡಿದು ಪಾಯಸದವರೆಗೆ ಬಡಿಸುವವರು ಸಾಲಾಗಿ ಬರಬೇಕು. ಎಲ್ಲರಿಗೂ ಬಡಿಸಿಯಾದ ಮೇಲೆಯೇ ಒಬ್ಬನ ಕೈ ಅನ್ನಕ್ಕೆ ಹೋಗಬೇಕು. ಆ ಕಾಯುವಿಕೆಯೇ ಒಂದು ಸಣ್ಣ ತಪಸ್ಸು.

ನಿಧಾನದ ಜೊತೆಗೆ ಮಿತವೂ ಸೇರಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದೇ ಆಯ್ದಕ್ಕಿ ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮಡದಿ ಲಕ್ಕಮ್ಮ ಅದನ್ನು ಒಲ್ಲದೆ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಇಂದಿನ ಅನ್ನಕ್ಕೆ ಇಂದಿನ ಅಕ್ಕಿ ಸಾಕೆಂಬ ಆ ಶರಣೆಯ ನಿಲುವಿನ ಮುಂದೆ, ತುಂಬಿದ ಬಟ್ಟಲಲ್ಲಿ ಅರ್ಧ ಬಿಟ್ಟು ಏಳುವ ಸಿರಿವಂತಿಕೆ ತಲೆತಗ್ಗಿಸಬೇಕು. ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ನಡೆಸಿದುದು ಆ ಪರಂಪರೆಯ ಮುಂದುವರಿಕೆಯೇ. ಅನ್ನಕ್ಕೆ ಗೌರವ ಕೊಡುವವನು ಮಾತ್ರ ಅನ್ನವನ್ನು ಹಂಚಬಲ್ಲನು.

ಪಾಶ್ಚಾತ್ಯ ದೇಶಗಳೂ ಈ ವಿಷಯದಲ್ಲಿ ಎಚ್ಚತ್ತಿವೆ. 1986ರಲ್ಲಿ ರೋಮ್ ನಗರದ ಪ್ರಾಚೀನ ಚೌಕವೊಂದರ ಬಳಿ ಅಮೆರಿಕದ ಶೀಘ್ರಾಹಾರದ ಅಂಗಡಿ ಬಂದುದನ್ನು ವಿರೋಧಿಸಿ ಇಟಲಿಯ ಕಾರ್ಲೊ ಪೆಟ್ರಿನಿ ಮತ್ತು ಅವರ ಸಂಗಡಿಗರು ಚಳವಳಿ ಹೂಡಿದರು. ಅದು 1989ರಲ್ಲಿ ಪ್ಯಾರಿಸಿನಲ್ಲಿ ‘ಸ್ಲೋ ಫುಡ್’ ಎಂಬ ಅಂತಾರಾಷ್ಟ್ರೀಯ ಸಂಘಟನೆಯಾಯಿತು. ಬಸವನಹುಳು ಅದರ ಲಾಂಛನ. ಸಾವಿರಾರು ವರ್ಷಗಳ ಹಿಂದೆ ಚರಕನು ಹೇಳಿದ ಮಾತನ್ನು ಜಗತ್ತು ಹೊಸದಾಗಿ ಕಲಿಯುತ್ತಿರುವಾಗ, ಆ ಮಾತಿನ ವಾರಸುದಾರರು ಅದನ್ನು ಮರೆಯುತ್ತಿರುವುದು ವಿಷಾದದ ಸಂಗತಿ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಎಂಟು ಗಂಟೆಗೆ ಮನೆಬಿಟ್ಟು ಎಂಟು ಗಂಟೆಗೆ ಹಿಂದಿರುಗುವವನಿಗೆ, ಹೊತ್ತು ಹೊತ್ತಿಗೆ ಕೂಲಿ ಎಣಿಸುವವನಿಗೆ, ನಿಧಾನದ ಊಟ ಎಲ್ಲಿ ಸಾಧ್ಯವೆಂದು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಧರ್ಮವು ಅಸಾಧ್ಯವಾದುದನ್ನು ವಿಧಿಸುವುದಿಲ್ಲ. ಮೂರು ಹೊತ್ತೂ ಆಗದಿದ್ದರೆ ಒಂದು ಹೊತ್ತು. ಇಡೀ ಊಟವಾಗದಿದ್ದರೆ ಮೊದಲ ಐದು ತುತ್ತು. ಪ್ರಾಣಾಹುತಿಗಳು ಐದೇ ಅಲ್ಲವೇ? ಆ ಐದು ತುತ್ತುಗಳನ್ನು ಮೌನವಾಗಿ, ಅಗಿದು, ಇದು ಎಲ್ಲಿಂದ ಬಂದಿತೆಂದು ನೆನೆದು ಉಂಡರೂ ಅದು ಯಜ್ಞವೇ. ಇನ್ನೊಂದು ಎಚ್ಚರಿಕೆಯೂ ಬೇಕು. ಗಂಡಸು ನಿಧಾನವಾಗಿ ಉಣ್ಣುವುದೆಂದರೆ ಗೃಹಿಣಿ ಅಷ್ಟು ಹೊತ್ತು ನಿಂತು ಬಡಿಸಿ, ಕೊನೆಗೆ ಆರಿದ ಅನ್ನವನ್ನು ಗಡಿಬಿಡಿಯಲ್ಲಿ ನುಂಗುವುದೆಂದಾಗಬಾರದು. ತನಗಾಗಿಯೇ ಬೇಯಿಸಿಕೊಳ್ಳುವವನು ಪಾಪವನ್ನೇ ಉಣ್ಣುತ್ತಾನೆಂದು ಗೀತೆಯ ಮೂರನೆಯ ಅಧ್ಯಾಯ ಎಚ್ಚರಿಸುತ್ತದೆ. ಬೇಯಿಸಿದವಳಿಗೆ ಬಿಸಿ ಅನ್ನ ದೊರೆಯದ ಮನೆಯ ಶಾಂತ ಭೋಜನವು ಆ ದೋಷದಿಂದ ಮುಕ್ತವಲ್ಲ. ಎಲ್ಲರೂ ಒಟ್ಟಿಗೆ ಕುಳಿತು, ಎಲ್ಲರೂ ಒಟ್ಟಿಗೆ ನಿಧಾನಿಸಬೇಕು.

ಈಗ ವಾಕೋಲಾದ ಆ ಮನೆಗೆ ಹಿಂದಿರುಗಬೇಕು. ಕೆಲವು ತಿಂಗಳುಗಳಲ್ಲಿ ವೃದ್ಧರ ಮೈ ಇಳಿಯಿತು. ಅಂಗಿ ಸಡಿಲಾಯಿತು, ಮೆಟ್ಟಲು ಹತ್ತುವಾಗ ಕೈ ಗೋಡೆಯನ್ನು ಹಿಡಿಯತೊಡಗಿತು. ಮಗನು ಗಾಬರಿಗೊಂಡು ವೈದ್ಯರಲ್ಲಿಗೆ ಕರೆದೊಯ್ದನು. ರಕ್ತ ಪರೀಕ್ಷೆ ಮೊದಲಾದುವೆಲ್ಲ ಆದುವು. ದೊಡ್ಡ ರೋಗವೇನೂ ಕಾಣಲಿಲ್ಲ. ಕೊನೆಗೆ ವೈದ್ಯರು, “ಇವರು ಒಂದು ಊಟಕ್ಕೆ ಎಷ್ಟು ಹೊತ್ತು ಕುಳಿತುಕೊಳ್ಳುತ್ತಾರೆ?” ಎಂದು ಕೇಳಿದರು. ಮಗನಿಗೆ ಉತ್ತರ ತಿಳಿಯಲಿಲ್ಲ. ಒಂದೇ ಮನೆಯಲ್ಲಿದ್ದು ತಂದೆಯ ಊಟವನ್ನು ಅವನು ಒಮ್ಮೆಯೂ ಕುಳಿತು ನೋಡಿರಲಿಲ್ಲ. ವೈದ್ಯರು ಔಷಧದ ಚೀಟಿಯಲ್ಲಿ ಹೆಚ್ಚೇನನ್ನೂ ಬರೆಯದೆ, “ಹಲ್ಲಿಲ್ಲದವರು, ಉಣ್ಣಲು ಹೊತ್ತು ಕೊಡಿ” ಎಂದು ಕಳುಹಿಸಿದರು.

ಹಿಂದಿರುಗುವ ದಾರಿಯಲ್ಲಿ ರಿಕ್ಷಾದೊಳಗೆ ಮಗನು ಕೇಳಿದನು: “ಅಪ್ಪಯ್ಯ, ಹಸಿವೆಯಿಲ್ಲ ಎನ್ನುತ್ತಿದ್ದಿರಲ್ಲ?”

ತಂದೆ ಹೊರಗೆ ನೋಡುತ್ತ ಹೇಳಿದರು: “ಹಸಿವೆ ಇರಲಿಲ್ಲವೆಂದಲ್ಲ ಮಗಾ. ನಿಮಗೆ ಯಾರಿಗೂ ಪುರುಸೊತ್ತು ಇರಲಿಲ್ಲ. ನನ್ನಿಂದ ತಡವಾಗುವುದು ಬೇಡವೆಂದು ಸ್ವಲ್ಪ ಉಂಡು ಏಳುತ್ತಿದ್ದೆ.”

ಮಗನ ಬಾಯಿಂದ ಮಾತು ಹೊರಡಲಿಲ್ಲ. ಊರಿಗೆಲ್ಲ ಅನ್ನದಾನವನ್ನು ಕೊಂಡಾಡುವ ನಾಡಿನವನ ಮನೆಯಲ್ಲಿ, ತುಂಬಿದ ಪಾತ್ರೆಯ ಎದುರಿನಲ್ಲಿಯೇ, ಹೆತ್ತ ತಂದೆ ಅರೆಹೊಟ್ಟೆಯಲ್ಲಿ ಎದ್ದಿದ್ದರು. ಅಲ್ಲಿ ಅನ್ನದ ಕೊರತೆಯಿರಲಿಲ್ಲ, ಪ್ರೀತಿಯ ಕೊರತೆಯೂ ಇರಲಿಲ್ಲ. ಕೊರತೆಯಿದ್ದುದು ಅರ್ಧ ಗಂಟೆಯದು. ಅನ್ನದಾನವೆಂದರೆ ಅನ್ನವನ್ನು ಬಡಿಸುವುದಷ್ಟೇ ಅಲ್ಲ, ಉಣ್ಣುವವನು ಉಂಡು ಮುಗಿಸುವವರೆಗೆ ಬಳಿಯಲ್ಲಿರುವುದೂ ಹೌದೆಂಬುದು ಆ ದಿನ ಅವನಿಗೆ ತಿಳಿಯಿತು. ಮರುದಿನದಿಂದ ರಾತ್ರಿಯ ಊಟಕ್ಕೆ ಮೊಬೈಲುಗಳೆಲ್ಲ ಕಪಾಟಿನೊಳಗೆ ಸೇರಿದುವು. ಬಾಯಿ ಬರುವ ಹೊತ್ತನ್ನು ಬೆಳಗಿಗೆ ಬದಲಾಯಿಸಿದರು. ತಂದೆ ಏಳುವವರೆಗೆ ಯಾರೂ ಏಳಬಾರದೆಂದು ನಿಯಮವಾಯಿತು. ಮೊದಲ ವಾರ ಮೊಮ್ಮಗನು ಚಡಪಡಿಸಿದನು. ಎರಡನೆಯ ವಾರ ಅಜ್ಜನು ತುತ್ತನ್ನು ಕಣ್ಣಿಗೊತ್ತಿಕೊಳ್ಳುವುದೇಕೆಂದು ಕೇಳಿದನು. ಆ ಪ್ರಶ್ನೆಯಿಂದ ಗದ್ದೆಯ ಕಥೆ ಬಂದಿತು, ಮಳೆಯ ಕಥೆ ಬಂದಿತು, ಅವನು ನೋಡದ ಅಜ್ಜಿಯ ಕಥೆ ಬಂದಿತು.

ಕರಾವಳಿಯ ಹಳ್ಳಿಗಳಲ್ಲಿ ನವರಾತ್ರಿಯ ಸುಮಾರಿಗೆ ಕದಿರನ್ನು ಮನೆಗೆ ತಂದು ಕಟ್ಟಿ, ಹೊಸ ಅಕ್ಕಿಯ ಊಟ ಮಾಡುವ ಪದ್ಧತಿಯುಂಟು. ಕಿರಿಯರು ಹಿರಿಯರಿಗೆ ತಿಳಿಸಿ, ಅವರ ಅಪ್ಪಣೆ ಪಡೆದು ಹೊಸತನ್ನು ಉಣ್ಣುತ್ತಾರೆ. ಆ ವರ್ಷ ಊರಿನಿಂದ ಬಂದವರೊಬ್ಬರು ನಾಲ್ಕು ಭತ್ತದ ಕದಿರುಗಳನ್ನು ತಂದುಕೊಟ್ಟಿದ್ದರು. ವಾಕೋಲಾದ ಮನೆಯ ಬಾಗಿಲಿಗೆ ಕದಿರು ಏರಿತು. ಅದರಿಂದ ಸುಲಿದ ಕೆಲವು ಕಾಳುಗಳು ಪಾಯಸಕ್ಕೆ ಸೇರಿದುವು. ಎಲೆಯ ಮುಂದೆ ಕುಳಿತ ಮಗನು ಅನೇಕ ವರ್ಷಗಳ ಮೇಲೆ ತಂದೆಯ ಕಡೆಗೆ ತಿರುಗಿ, “ಅಪ್ಪಯ್ಯ, ಹೊಸತು ಉಣ್ಣುತ್ತೇನೆ” ಎಂದನು. “ಉಣ್ಣು ಮಗಾ, ನಿಧಾನಕ್ಕೆ ಉಣ್ಣು” ಎಂದರು ತಂದೆ. ಆ ದಿನ ಅವರು ಎರಡನೆಯ ಸಲ ಅನ್ನ ಹಾಕಿಸಿಕೊಂಡರು.

ನವರಾತ್ರಿಯಲ್ಲಿ ಉಪವಾಸ ಮಾಡುವವರು ಉಪವಾಸ ಮಾಡಲಿ, ಪಾರಾಯಣ ಮಾಡುವವರು ಪಾರಾಯಣ ಮಾಡಲಿ. ಎಲ್ಲವೂ ತಾಯಿಗೆ ಪ್ರಿಯವೇ. ಅದರೊಡನೆ ಈ ಸಣ್ಣ ವ್ರತವೂ ಒಂದಿರಲಿ. ಕುಳಿತು ಉಣ್ಣುವುದು; ಉಣ್ಣುವ ಮೊದಲು ಒಂದು ಗಳಿಗೆ ಸುಮ್ಮನಿರುವುದು; ಬೇಕಾದಷ್ಟೇ ಬಡಿಸಿಕೊಂಡು ಎಲೆಯಲ್ಲಿ ಏನನ್ನೂ ಬಿಡದಿರುವುದು; ಅಡುಗೆ ಮಾಡಿದ ಕೈಗಳನ್ನು ನೆನೆಯುವುದು; ಪಂಕ್ತಿಯಲ್ಲಿ ಅತ್ಯಂತ ನಿಧಾನವಾಗಿ ಉಣ್ಣುವವರು ಮುಗಿಸುವವರೆಗೆ ಕಾಯುವುದು. ಇದಕ್ಕೆ ಖರ್ಚಿಲ್ಲ, ಪುರೋಹಿತರು ಬೇಡ, ಮುಹೂರ್ತ ನೋಡಬೇಕಾಗಿಲ್ಲ. ಒಂದು ಸ್ಲೋ ಲೋಕಲ್ ತಪ್ಪಿದರೆ ಹಿಂದಿನಿಂದ ಇನ್ನೊಂದು ಬರುತ್ತದೆ. ಎದುರಿಗೆ ಕುಳಿತು ಉಣ್ಣುತ್ತಿರುವ ಹಿರಿಯರು ಎದ್ದು ಹೋದರೆ ಆ ಸ್ಥಾನ ಮತ್ತೆ ತುಂಬುವುದಿಲ್ಲ. ಸಟ್ಟುಗವನ್ನು ಹಿಡಿದು ನಿಂತಿರುವ ಜಗನ್ಮಾತೆ ಅನ್ನಪೂರ್ಣೆಯು ಮನೆಮನೆಗೂ ಅನ್ನವನ್ನು ಕೊಡಲಿ. ಅನ್ನದ ಜೊತೆಗೆ ಅದನ್ನು ಉಣ್ಣುವಷ್ಟು ಪುರುಸೊತ್ತನ್ನೂ ಕೊಡಲಿ.

ಶ್ರೀಕೃಷ್ಣಾರ್ಪಣಮಸ್ತು.